ಚೊಚ್ಚಲ ಮೊಟ್ಟೆಯ ಸಂತೋಷ



ಅಂಗಡಿಯಿಂದ ಒಂದು ಟ್ರೇ ಮೊಟ್ಟೆ ತಂದಾಗ ಮನೆಯಲ್ಲಿ ಯಾರಾದರೂ ಕುಣಿದಾಡಿದ್ದನ್ನು ನೀವು ಕಂಡಿದ್ದೀರಾ? ಟ್ರೇಯಲ್ಲಿ 30 ಮೊಟ್ಟೆಗಳಿರುತ್ತವೆ. ಒಂದೂ ಒಡೆದಿಲ್ಲ ತಾನೇ ಎಂದು ನೋಡಿ, ಅಡುಗೆಮನೆಯ ಮೂಲೆಯಲ್ಲಿಟ್ಟು, ನಮ್ಮ ನಮ್ಮ ಕೆಲಸಕ್ಕೆ ಹೋಗುತ್ತೇವೆ. ಆದರೆ ಹಿತ್ತಲಿನಲ್ಲಿ ಸಾಕಿದ ಕೋಳಿಯೊಂದು ಮೊಟ್ಟಮೊದಲ ಬಾರಿಗೆ ಒಂದೇ ಒಂದು ಮೊಟ್ಟೆ ಇಟ್ಟ ದಿನ ಆ ಮನೆಯನ್ನು ನೋಡಬೇಕು! ಮಕ್ಕಳು ಕೂಗುತ್ತಾ ಓಡಿಬರುತ್ತಾರೆ. ಅಜ್ಜಿ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಇನ್ನೂ ಬೆಚ್ಚಗಿದೆ ಎಂದು ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತದೆ. ಪಕ್ಕದ ಮನೆಗೂ ಸುದ್ದಿ ಮುಟ್ಟುತ್ತದೆ. ಹೊಲದಿಂದ ಬಂದ ಅಪ್ಪ ಕಾಲು ತೊಳೆಯುವ ಮುಂಚೆಯೇ ಆ ಸುದ್ದಿ ಅವನ ಕಿವಿಗೆ ಬೀಳುತ್ತದೆ. ಅಂಗಡಿಯ ಮೊಟ್ಟೆಗಿಂತ ಅದು ಚಿಕ್ಕದು. ಕೆಲವೊಮ್ಮೆ ಅದರ ಮೇಲೆ ರಕ್ತದ ಒಂದು ಗೆರೆಯೂ ಇರುತ್ತದೆ. ಆದರೂ ಆ ದಿನ ಮನೆಯಲ್ಲಿ ಅದಕ್ಕಿಂತ ದೊಡ್ಡ ಸುದ್ದಿ ಇಲ್ಲ.

ಮೊದಲ ಹೆರಿಗೆಯನ್ನು ಚೊಚ್ಚಲ ಹೆರಿಗೆ ಎನ್ನುತ್ತೇವೆ, ಮೊದಲ ಮಗುವನ್ನು ಚೊಚ್ಚಲ ಮಗು ಎನ್ನುತ್ತೇವೆ. ಇದು ಚೊಚ್ಚಲ ಮೊಟ್ಟೆ. ಮೂವತ್ತು ಮೊಟ್ಟೆಗಳು ಕೊಡದ ಸಂತೋಷವನ್ನು ಈ ಒಂದು ಪುಟ್ಟ ಮೊಟ್ಟೆ ಹೇಗೆ ಕೊಡುತ್ತದೆ? ಅದು ಬರೀ ಮಕ್ಕಳಾಟವೇ? ಅಥವಾ ದೊಡ್ಡವರಾದ ನಾವು ಮರೆತುಬಿಟ್ಟ ಯಾವುದೋ ಪಾಠ ಅದರಲ್ಲಿ ಅಡಗಿದೆಯೇ?

'ಫಾದರ್‌ಗೆ ಪ್ರಬೋಧನೆಗೆ ಬೇರೆ ವಿಷಯ ಸಿಗಲಿಲ್ಲವೇ, ಮೊಟ್ಟೆಯೇ ಬೇಕಿತ್ತೇ' ಎಂದು ನೀವು ನಗಬಹುದು. ಆದರೆ ಮೊಟ್ಟೆಯ ಮಾತನ್ನು ಮೊದಲು ಎತ್ತಿದವರು ನಮ್ಮ ಪ್ರಭು ಯೇಸುವೇ. ಪ್ರಾರ್ಥನೆಯ ಬಗ್ಗೆ ಬೋಧಿಸುವಾಗ ಅವರು ತಂದೆ-ಮಕ್ಕಳ ಉದಾಹರಣೆ ಕೊಟ್ಟರು. ರೊಟ್ಟಿ ಮತ್ತು ಮೀನಿನ ಮಾತನ್ನು ಸಂತ ಮತ್ತಾಯನೂ ಬರೆದಿದ್ದಾನೆ. ಆದರೆ ಮೊಟ್ಟೆ ಕೇಳಿದ ಮಗನ ಕೈಗೆ ಯಾವ ತಂದೆಯೂ ಚೇಳನ್ನು ಕೊಡುವುದಿಲ್ಲ ಎಂಬ ಮಾತನ್ನು ನಮಗಾಗಿ ಉಳಿಸಿಕೊಟ್ಟವನು ಸಂತ ಲೂಕನೊಬ್ಬನೇ (ಲೂಕ 11: 12). ಹಿಟ್ಟಿಗೆ ಬೆರೆಸಿದ ಹುಳಿ, ಉಪ್ಪು, ದೀಪ, ಕಳೆದುಹೋದ ನಾಣ್ಯ ಹೀಗೆ ನಮ್ಮ ಪ್ರಭು ಸ್ವರ್ಗಸಾಮ್ರಾಜ್ಯದ ರಹಸ್ಯಗಳನ್ನು ಅಡುಗೆಮನೆ ಮತ್ತು ಹಿತ್ತಲಿನಿಂದಲೇ ಆಯ್ದುಕೊಂಡರು. ಜೆರುಸಲೇಮಿಗಾಗಿ ದುಃಖಿಸುವಾಗ, ಮರಿಗಳನ್ನು ರೆಕ್ಕೆಯೊಳಗೆ ಸೇರಿಸಿಕೊಳ್ಳುವ ತಾಯಿಕೋಳಿಗೆ ತಮ್ಮನ್ನೇ ಹೋಲಿಸಿಕೊಂಡರು. ಹಾಗಿದ್ದ ಮೇಲೆ ನಾವೂ ಹಿತ್ತಲಿನ ಬಾಗಿಲು ತೆರೆದು ಕೋಳಿಗೂಡಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ತಪ್ಪೇನಿಲ್ಲ.

ಕಾದವರಿಗೇ ಗೊತ್ತು

ಮೊಟ್ಟೆ ನಮ್ಮ ಅವಸರಕ್ಕೆ ಬಗ್ಗುವ ವಸ್ತುವಲ್ಲ. ಸಂತೆಯಿಂದಲೋ ನೆಂಟರ ಮನೆಯಿಂದಲೋ ತಂದ ಮರಿ ಬೆಳೆದು ಮೊಟ್ಟೆ ಇಡಬೇಕಾದರೆ, ನಾಟಿ ಕೋಳಿಯಾದರೆ ಸುಮಾರು ಆರೇಳು ತಿಂಗಳು ಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಿತ್ತಲ ಸಾಕಣೆಗೆಂದು ರೂಪಿಸಿದ ಗಿರಿರಾಜ ತಳಿಯಾದರೂ ಐದಾರು ತಿಂಗಳು ಕಾಯಿಸುತ್ತದೆ. ಅಷ್ಟು ದಿನವೂ ನುಚ್ಚು ಹಾಕಬೇಕು, ನೀರಿಡಬೇಕು, ಗೂಡು ಗುಡಿಸಬೇಕು. ಹಗಲು ಹದ್ದು, ಮುಂಗುಸಿಗಳಿಂದ, ರಾತ್ರಿ ಕಾಡುಬೆಕ್ಕಿನಿಂದ ಕಾಪಾಡಬೇಕು. ಸಂಜೆಯಾದರೆ ಎಣಿಸಿ ಒಳಗೆ ಸೇರಿಸಬೇಕು. ಇಷ್ಟಕ್ಕೂ ಆ ತಿಂಗಳುಗಳಲ್ಲಿ ಪ್ರತಿಫಲವೆಂದು ಒಂದು ಕಾಸೂ ಹುಟ್ಟುವುದಿಲ್ಲ.

ಆಮೇಲೆ ಒಂದು ದಿನ ಕೋಳಿಯ ಮುಖ ಕೆಂಪೇರುತ್ತದೆ, ಜುಟ್ಟು ಅರಳುತ್ತದೆ. ಬೆನ್ನ ಮೇಲೆ ಕೈಯಿಟ್ಟರೆ ಓಡದೆ ಕುಳಿತುಬಿಡುತ್ತದೆ. ಸೌದೆಯ ಮೂಲೆ, ಹುಲ್ಲಿನ ಮೆದೆ, ಹಳೆಯ ಬುಟ್ಟಿ ಎಂದು ಗೊಣಗುತ್ತಾ ಜಾಗ ಹುಡುಕುತ್ತದೆ. 'ಇನ್ನೇನು, ಇವತ್ತೋ ನಾಳೆಯೋ' ಎನ್ನುತ್ತಾರೆ ಮನೆಯವರು. ಇವತ್ತು ಹೋಗಿ ನಾಳೆ ಬರುತ್ತದೆ, ನಾಳೆ ಹೋಗಿ ನಾಡಿದ್ದು. ಬೈದರೂ ಬೇಗ ಇಡುವುದಿಲ್ಲ, ಮುದ್ದಿಸಿದರೂ ಬೇಗ ಇಡುವುದಿಲ್ಲ. ತನ್ನ ಕಾಲ ಬಂದಾಗ ಇಡುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಮ್ಮ ಹಿರಿಯರು ಹಾಸ್ಯ ಮಾಡಿದ್ದು ಸುಮ್ಮನೆ ಅಲ್ಲ.

ಹದಿಮೂರನೆಯ ಶತಮಾನದ ಮಹಾ ದೈವಶಾಸ್ತ್ರಜ್ಞರಾದ ಸಂತ ಥಾಮಸ್ ಅಕ್ವಿನಾಸರು ಸಂತೋಷವನ್ನು ಕುರಿತು ವಿಚಾರ ಮಾಡುತ್ತಾ, ಅದು ಪ್ರೀತಿಯಿಂದ ಹುಟ್ಟುವ ಫಲ ಎಂದು ವಿವರಿಸುತ್ತಾರೆ. ಎಷ್ಟು ಸರಳ, ಎಷ್ಟು ಆಳವಾದ ಮಾತು! ಪ್ರೀತಿ ಇಲ್ಲದ ಕಡೆ ಸುಖ ಇರಬಹುದು, ಮೋಜು ಇರಬಹುದು, ಸಂತೋಷ ಇರಲಾರದು. ಪ್ರತಿದಿನ ನುಚ್ಚು ಹಾಕಿದ ಹುಡುಗಿ ಚೊಚ್ಚಲ ಮೊಟ್ಟೆ ಕಂಡು ಕಿರುಚುತ್ತಾಳೆ. ಆರು ತಿಂಗಳಲ್ಲಿ ಒಂದು ದಿನವೂ ಗೂಡಿನ ಬಾಗಿಲು ತೆಗೆಯದ ಅಣ್ಣ ತಲೆಯೆತ್ತದೆ, 'ಅಮ್ಮಾ, ಆಮ್ಲೆಟ್ ಮಾಡು' ಎನ್ನುತ್ತಾನೆ. ಇಬ್ಬರ ಮುಂದೆ ಇರುವುದು ಒಂದೇ ಮೊಟ್ಟೆ. ಆದರೆ ಇಬ್ಬರ ಸಂತೋಷ ಒಂದೇ ಅಲ್ಲ.

ನಮ್ಮ ಧರ್ಮಕೇಂದ್ರದ ಹಬ್ಬದಲ್ಲೂ ಇದನ್ನೇ ನೋಡುತ್ತೇವೆ. ಒಂಬತ್ತು ದಿನ ದೇವಾಲಯ ಗುಡಿಸಿದವರು, ಹೂಮಾಲೆ ಕಟ್ಟಿದವರು, ಗಾಯನವೃಂದದಲ್ಲಿ ಗಂಟಲು ಸವೆಸಿದವರು ಹಬ್ಬದ ಬಲಿಪೂಜೆಯಲ್ಲಿ ಕಣ್ಣು ತುಂಬಿಕೊಳ್ಳುತ್ತಾರೆ. ಕೊನೆಯ ಗಳಿಗೆಯಲ್ಲಿ ಬಂದು ಹಿಂದಿನ ಬಾಗಿಲಲ್ಲಿ ನಿಂತವರು, ಪ್ರಬೋಧನೆ ಉದ್ದವಾಯಿತು ಎಂದು ಗಡಿಯಾರ ನೋಡುತ್ತಾರೆ. ಸಂತೋಷ ಸಿಗುತ್ತಿಲ್ಲ ಎಂದು ಕೊರಗುವವರು, ತಾವು ಪ್ರೀತಿಯಿಂದ ಸಾಕುತ್ತಿರುವುದು ಏನನ್ನು ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ನಾವು ಮಾಡಿದ್ದಲ್ಲ, ನಮಗೆ ಬಂದದ್ದು

ಹಾಗಾದರೆ ನಾವು ಕಾದು ಸಾಕಿದ್ದರಿಂದಲೇ ಮೊಟ್ಟೆ ಉಂಟಾಯಿತೇ? ಇಲ್ಲಿಯೇ ನಾವು ಎಚ್ಚರವಾಗಿರಬೇಕು. ನುಚ್ಚು ನಮ್ಮದು, ನೀರು ನಮ್ಮದು, ಗೂಡಿನ ಬಾಗಿಲೂ ನಮ್ಮದೇ. ಆದರೆ ಮೊಟ್ಟೆ?

ಒಂದು ಮೊಟ್ಟೆ ಕೋಳಿಯ ಒಡಲಲ್ಲಿ ರೂಪುಗೊಳ್ಳಲು ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ, ಎಂದರೆ 24ರಿಂದ 26 ಗಂಟೆ ಹಿಡಿಯುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಅದರಲ್ಲಿ ಸುಮಾರು 20 ಗಂಟೆ ಹೊರಗಿನ ಚಿಪ್ಪಿಗೇ ಬೇಕು. ಆ ಚಿಪ್ಪಿನ ಬಹುಭಾಗ ಸುಣ್ಣದ ಅಂಶ. ತಿಂದ ಮೇವಿನಿಂದ ಬಂದ ಸುಣ್ಣ ಸಾಲದಿದ್ದಾಗ ಕೋಳಿ ತನ್ನ ಎಲುಬಿನೊಳಗೆ ಕೂಡಿಟ್ಟುಕೊಂಡದ್ದನ್ನೇ ಕರಗಿಸಿ ಚಿಪ್ಪಿಗೆ ಕೊಡುತ್ತದೆ. ಕಲ್ಲಿನಂತೆ ಕಾಣುವ ಆ ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ, ಒಳಗೆ ಮರಿಯೊಂದು ಬೆಳೆಯುವುದಾದರೆ ಅದು ಉಸಿರಾಡಬೇಕಲ್ಲ! ಇಷ್ಟೂ ಕೆಲಸ ನಡೆಯುವುದು ನಾವು ನಿದ್ದೆ ಮಾಡುವಾಗ, ನಮ್ಮ ಕಣ್ಣಿಗೆ ಕಾಣದ ಕತ್ತಲೆಯಲ್ಲಿ. ನುಚ್ಚನ್ನು ಮೊಟ್ಟೆಯನ್ನಾಗಿ ಮಾಡುವ ವಿದ್ಯೆ ಮನೆಯಲ್ಲಿ ಯಾರಿಗೂ ತಿಳಿದಿಲ್ಲ.

ಸಾಮ್ರಾಜ್ಯಗಳನ್ನು ನುಂಗಿದ ಅಸ್ಸೀರಿಯದ ಅರಸನ ಜಂಬವನ್ನು ಪ್ರವಾದಿ ಯೆಶಾಯನು ವರ್ಣಿಸುವುದನ್ನು ಓದಿ ನೋಡಿ (ಯೆಶಾಯ 10: 14). ದಿಕ್ಕಿಲ್ಲದ ಗೂಡಿನಿಂದ ಮೊಟ್ಟೆಗಳನ್ನು ಬಾಚಿಕೊಂಡಂತೆ ತಾನು ಭೂಮಿಯನ್ನೆಲ್ಲ ಬಾಚಿಕೊಂಡೆ, ರೆಕ್ಕೆ ಬಡಿಯುವ ಧೈರ್ಯವೂ ಯಾರಿಗೂ ಇರಲಿಲ್ಲ ಎಂದು ಅವನು ಕೊಚ್ಚಿಕೊಳ್ಳುತ್ತಾನೆ. ಅವನ ಕೈಯೂ ಮೊಟ್ಟೆ ಎತ್ತಿದ ಕೈಯೇ, ಚೊಚ್ಚಲ ಮೊಟ್ಟೆ ಎತ್ತಿಕೊಂಡ ಅಜ್ಜಿಯ ಕೈಯೂ ಮೊಟ್ಟೆ ಎತ್ತಿದ ಕೈಯೇ. ಒಂದು ಬಾಚುವ ಕೈ, ಇನ್ನೊಂದು ಸ್ವೀಕರಿಸುವ ಕೈ. ಬಾಚಿದವನಿಗೆ ಎಷ್ಟು ಸಿಕ್ಕರೂ ಸಂತೋಷ ಸಿಗಲಿಲ್ಲ.

ನಮ್ಮ ಕನ್ನಡದಲ್ಲಿ ಕೋಳಿ ಮೊಟ್ಟೆ 'ಇಡುತ್ತದೆ'. ದೇವರ ಮುಂದೆ ಕಾಣಿಕೆ 'ಇಡುತ್ತೇವೆ'. ದೇವರಲ್ಲಿ ನಂಬಿಕೆ 'ಇಡುತ್ತೇವೆ'. ಇಡುವುದೆಂದರೆ ತನ್ನಲ್ಲಿದ್ದುದನ್ನು ಇನ್ನೊಬ್ಬರ ಮುಂದೆ ಇರಿಸಿ ಕೈ ಬಿಡುವುದು. ಪ್ರತಿ ಬಲಿಪೂಜೆಯಲ್ಲಿ ಯಾಜಕನು ರೊಟ್ಟಿಯನ್ನು ಎತ್ತಿ ಹಿಡಿದಾಗ, ಅದು ದೇವರು ಕೊಟ್ಟದ್ದು ಎಂದೂ ಮನುಷ್ಯನ ದುಡಿಮೆಯಿಂದ ಆದದ್ದು ಎಂದೂ ಎರಡನ್ನೂ ಒಟ್ಟಿಗೆ ಹೇಳುತ್ತೇವೆ. ಎರಡರಲ್ಲಿ ಒಂದನ್ನು ಬಿಟ್ಟರೂ ವಿಶ್ವಾಸ ಕುಂಟುತ್ತದೆ. ದುಡಿಮೆಯೇ ಬೇಡ ಎನ್ನುವವನು ಸೋಮಾರಿಯಾಗುತ್ತಾನೆ. ಎಲ್ಲವೂ ನನ್ನ ದುಡಿಮೆ ಎನ್ನುವವನು ಅಹಂಕಾರಿಯಾಗುತ್ತಾನೆ. ದುಡಿದ ಮೇಲೂ 'ಇದು ನನಗೆ ಬಂದದ್ದು' ಎಂದು ಬೆರಗಾಗಬಲ್ಲವನು ಮಾತ್ರ ಸಂತೋಷಪಡುತ್ತಾನೆ.

ಇಪ್ಪತ್ತನೆಯ ಮೊಟ್ಟೆ

ಒಂದು ಪ್ರಶ್ನೆ ಕೇಳುತ್ತೇನೆ. ಚೊಚ್ಚಲ ಮೊಟ್ಟೆಗೆ ಕುಣಿದ ಮನೆಯವರು ಇಪ್ಪತ್ತನೆಯ ಮೊಟ್ಟೆಗೆ ಏನು ಮಾಡುತ್ತಾರೆ? ಏನೂ ಇಲ್ಲ. 'ಗೂಡು ನೋಡಿದೆಯಾ? ಎಷ್ಟು ಇತ್ತು?' ಅಷ್ಟೇ. ಒಂದು ದಿನ ಇಡದಿದ್ದರೆ ಬೈಗುಳ ಬೇರೆ! ಆದರೆ ಇಪ್ಪತ್ತನೆಯ ಮೊಟ್ಟೆಯೂ ಅದೇ ಒಂದು ಹಗಲು ಒಂದು ರಾತ್ರಿಯ ಕೆಲಸ. ಅದೇ ಎಲುಬಿನ ಸುಣ್ಣ. ಮೊದಲನೆಯದಕ್ಕಿಂತ ತೂಕದಲ್ಲಿ ಹೆಚ್ಚೇ ಇರುತ್ತದೆ. ಕಡಿಮೆಯಾದದ್ದು ಮೊಟ್ಟೆಯಲ್ಲ, ನಮ್ಮ ಕಣ್ಣು.

ಇಸ್ರಯೇಲರ ಕಥೆಯೂ ಇದೇ. ಮರುಭೂಮಿಯಲ್ಲಿ ಮೊದಲ ಬೆಳಿಗ್ಗೆ ನೆಲದ ಮೇಲೆ ಬಿದ್ದ ಆಹಾರವನ್ನು ಕಂಡು 'ಇದೇನು?' ಎಂದು ಅವರು ಬೆರಗಾದರು. ಆ ಬೆರಗಿನ ಪ್ರಶ್ನೆಯೇ 'ಮನ್ನಾ' ಎಂಬ ಹೆಸರಾಯಿತು (ವಿಮೋಚನಾಕಾಂಡ 16). ಕೆಲವು ಕಾಲದ ಮೇಲೆ ಅದೇ ಜನ, ಈ ಮನ್ನಾ ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲವಲ್ಲ ಎಂದು ಗೊಣಗಿದರು. ಈಜಿಪ್ಟಿನ ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನೆದು ಅತ್ತರು (ಸಂಖ್ಯಾಕಾಂಡ 11). ಮನ್ನಾ ಬದಲಾಗಿರಲಿಲ್ಲ. ಕೊಟ್ಟವರೂ ಬದಲಾಗಿರಲಿಲ್ಲ.

ನಮ್ಮ ಜೀವನವನ್ನೇ ನೋಡಿಕೊಳ್ಳೋಣ. ಮೊದಲ ಪರಮಪ್ರಸಾದ ಸ್ವೀಕರಿಸಿದ ದಿನ ನೆನಪಿದೆಯೇ? ಬಿಳಿ ಉಡುಪು, ಕೈಯಲ್ಲಿ ಮೇಣದ ಬತ್ತಿ, ಎದೆಯಲ್ಲಿ ನಡುಕ. ಅದೇ ಪ್ರಭುವನ್ನು ಕಳೆದ ಭಾನುವಾರ ಹೇಗೆ ಸ್ವೀಕರಿಸಿದೆವು? ಮದುವೆಯಾದ ಹೊಸದರಲ್ಲಿ ಹೆಂಡತಿ ಮಾಡಿಕೊಟ್ಟ ಮೊದಲ ಕಾಫಿಗೆ ಕಣ್ಣಲ್ಲೇ ಧನ್ಯವಾದ ಹೇಳಿದ ಗಂಡ, ಇಪ್ಪತ್ತು ವರ್ಷಗಳ ನಂತರ ಲೋಟ ನೋಡದೆಯೇ 'ಸಕ್ಕರೆ ಕಡಿಮೆ' ಎನ್ನುತ್ತಾನೆ. ಗಂಡ ತಂದುಕೊಟ್ಟ ಮೊದಲ ಸಂಬಳವನ್ನು ದೇವರ ಪಟದ ಮುಂದಿಟ್ಟ ಹೆಂಡತಿಗೆ, ಅವನು ಇಂದು ಎಷ್ಟು ತಂದರೂ ಸಾಲದು. ಅನೇಕ ಮನೆಗಳಲ್ಲಿ ಪ್ರೀತಿ ಸತ್ತಿರುವುದಿಲ್ಲ. ಬೆರಗು ಸತ್ತಿರುತ್ತದೆ. ಅದಕ್ಕೇ ಮನೆ ಮಂಕಾಗಿರುತ್ತದೆ.

ಬೆರಗನ್ನು ಉಳಿಸಿಕೊಳ್ಳಲು ಒಂದು ಹಳೆಯ, ಸುಲಭದ ಮದ್ದು ಇದೆ. ಅದೇ ಊಟದ ಪ್ರಾರ್ಥನೆ. 2015ರಲ್ಲಿ ಪ್ರಕಟವಾದ 'ಲೌದಾತೋ ಸಿ' ಎಂಬ ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸ್ ಅವರು ಸೃಷ್ಟಿಯ ರಕ್ಷಣೆಯ ದೊಡ್ಡ ದೊಡ್ಡ ವಿಷಯಗಳ ನಡುವೆ ಈ ಚಿಕ್ಕ ಅಭ್ಯಾಸವನ್ನೂ ನೆನಪಿಸಿದರು. ಊಟಕ್ಕೆ ಮೊದಲು ಮತ್ತು ನಂತರ ಒಂದು ಕ್ಷಣ ನಿಂತು ದೇವರಿಗೆ ಕೃತಜ್ಞತೆ ಸಲ್ಲಿಸುವ ಪದ್ಧತಿಗೆ ಮರಳಿ ಬನ್ನಿ ಎಂದು ವಿಶ್ವಾಸಿಗಳನ್ನು ಕೇಳಿಕೊಂಡರು. ಆ ಒಂದು ಕ್ಷಣದಲ್ಲಿ ಇಪ್ಪತ್ತನೆಯ ಮೊಟ್ಟೆ ಮತ್ತೆ ಮೊದಲನೆಯದಾಗುತ್ತದೆ.

ಗೂಡು ಬರಿದಾದ ಮನೆ

ಇಷ್ಟು ಹೊತ್ತು ಮೊಟ್ಟೆ ಸಿಕ್ಕವರ ಮಾತಾಯಿತು. ಸಿಗದವರ ಗತಿ ಏನು? ಈ ಪುಟ ಓದುತ್ತಿರುವವರಲ್ಲಿ ಅಂಥವರೂ ಇದ್ದಾರೆ. ಆರು ತಿಂಗಳು ಸಾಕಿದ ಕೋಳಿಗಳು ಒಂದೇ ವಾರದಲ್ಲಿ ರೋಗ ಬಂದು ಸಾಲಾಗಿ ಸತ್ತ ಮನೆಗಳಿವೆ. ಅದು ಕೋಳಿಯ ಮಾತಷ್ಟೇ ಅಲ್ಲ. ಮಗುವಿಗಾಗಿ ವರ್ಷಗಟ್ಟಲೆ ಕಾದವರು, ಮಗಳ ಮದುವೆಗಾಗಿ ಕಾದವರು, ಕುಡಿತ ಬಿಡುತ್ತೇನೆಂದ ಗಂಡನ ಮಾತಿಗಾಗಿ ಕಾದವರು, ಪ್ರತಿದಿನ ಗೂಡಿಗೆ ಕೈ ಹಾಕಿ ಬರಿಗೈಯಲ್ಲಿ ಹಿಂದಿರುಗಿದವರು. ಅವರ ಮುಂದೆ ಸಂತೋಷದ ಪ್ರಸಂಗ ಮಾಡುವುದು ಸುಲಭವಲ್ಲ.

ಹಿಂದೆ ನಾನು ಸೇವೆ ಮಾಡಿದ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಒಬ್ಬ ಯುವ ತಾಯಿ ಇದ್ದಳು. ದಿನ ತುಂಬುವ ಹೊತ್ತಿಗೆ ಅವಳ ಚೊಚ್ಚಲ ಮಗು ಗರ್ಭದಲ್ಲೇ ತೀರಿಕೊಂಡಿತು. ಅನಂತರ ಅವಳು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ದೇವಾಲಯಕ್ಕೂ ಬರಲಿಲ್ಲ. ಸಮಾಧಾನ ಹೇಳಲು ಹೋದವರೆಲ್ಲ, ದೇವರ ಚಿತ್ತ ಎಂದರು, ಇನ್ನೊಂದು ಆಗುತ್ತದೆ ಎಂದರು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ಅತ್ತೆ ಹೆಚ್ಚು ಮಾತಿನವರಲ್ಲ. ಒಂದು ದಿನ ಸಂತೆಯಿಂದ ಎರಡು ಹ್ಯಾಟೆಗಳನ್ನು ತಂದು ಹಿತ್ತಲಲ್ಲಿ ಬಿಟ್ಟರು. 'ನನಗೆ ಮಂಡಿನೋವು ಕಣವ್ವ, ಇವಕ್ಕೆ ನೀನೇ ನುಚ್ಚು ಹಾಕಬೇಕು' ಎಂದಷ್ಟೇ ಹೇಳಿದರು. ಮೊದಲು ಬೇಸರದಿಂದ, ಆಮೇಲೆ ಅಭ್ಯಾಸದಿಂದ ಅವಳು ದಿನಕ್ಕೆ ಎರಡು ಸಲ ಹಿತ್ತಲಿಗೆ ಹೋಗತೊಡಗಿದಳು. ಹೀಗೆ ಕೆಲವು ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ಬಲಿಪೂಜೆ ಮುಗಿಸಿ ಹೊರಬಂದಾಗ ಅವಳು ಬಾಗಿಲ ಬಳಿ ನಿಂತಿದ್ದಳು. ಸೆರಗಿನಲ್ಲಿ ಒಂದು ಪುಟ್ಟ ಮೊಟ್ಟೆ.

'ಇವತ್ತು ಮೊದಲನೇದು ಇಟ್ಟಿದೆ, ಫಾದರ್' ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮಗುವನ್ನು ಮರೆತಿಲ್ಲ. ಆದರೆ ಇದನ್ನು ಕಂಡಾಗ ಕೈ ತಾನಾಗಿ ಚಾಚಿತು' ಎಂದಳು.

ಪ್ರಿಯ ಓದುಗರೇ, ಮಗುವಿನ ಜಾಗವನ್ನು ಮೊಟ್ಟೆಯೊಂದು ತುಂಬಿತು ಎಂದು ನಾನು ಹೇಳಲಾರೆ. ಹಾಗೆ ಹೇಳಿದರೆ ಆ ತಾಯಿಗೂ ಆ ಮಗುವಿಗೂ ಅವಮಾನ. ಆ ಜಾಗವನ್ನು ಯಾವುದೂ ತುಂಬುವುದಿಲ್ಲ. ಆದರೆ ಮುಚ್ಚಿಹೋಗಿದ್ದ ಒಂದು ಕೈ ಮತ್ತೆ ತೆರೆಯಿತು. ಇನ್ನು ಮುಂದೆ ಏನನ್ನೂ ಸ್ವೀಕರಿಸುವುದಿಲ್ಲ ಎಂದು ಬಿಗಿದುಕೊಂಡಿದ್ದ ಮುಷ್ಟಿ, ಅಂಗೈಯಗಲದ ಒಂದು ಬೆಚ್ಚನೆಯ ವಸ್ತುವಿಗಾಗಿ ಸಡಿಲವಾಯಿತು. ಅದನ್ನು ಕೃಪೆಯೆನ್ನದೆ ಬೇರೆ ಏನೆನ್ನಲಿ?

ಈ ವಿಷಯದಲ್ಲಿ ಸಂತ ಅಗಸ್ಟೀನರ ಒಂದು ಪ್ರಬೋಧನೆ ನಮಗೆ ಬೆಳಕು ಕೊಡುತ್ತದೆ. ಕ್ರಿಸ್ತಶಕ 410ರಲ್ಲಿ ಶತ್ರುಗಳು ರೋಮ್ ನಗರವನ್ನು ಲೂಟಿ ಮಾಡಿದರು. ಲೋಕವೇ ಮುಳುಗಿತು ಎಂದು ಜನ ಎದೆಗುಂದಿದ್ದರು. ಆ ಕಾಲದಲ್ಲಿ ಈ ಧರ್ಮಾಧ್ಯಕ್ಷರು ಲೂಕನ ಶುಭಸಂದೇಶದ ಇದೇ ಭಾಗವನ್ನು ಜನರಿಗೆ ವಿವರಿಸಿದರು. ರೊಟ್ಟಿ ಎಂದರೆ ಪ್ರೀತಿ, ಮೀನು ಎಂದರೆ ವಿಶ್ವಾಸ, ಮೊಟ್ಟೆ ಎಂದರೆ ನಿರೀಕ್ಷೆ ಎಂಬುದು ಅವರ ವಿವರಣೆ. ಏಕೆ? ಮೊಟ್ಟೆ ಏನೂ ಇಲ್ಲದ್ದಲ್ಲ, ಕೈಯಲ್ಲಿ ಹಿಡಿಯಬಹುದಾದದ್ದು. ಆದರೆ ಅದು ಇನ್ನೂ ಮರಿಯಲ್ಲ. ನಿರೀಕ್ಷೆಯೂ ಹಾಗೆಯೇ. ಇನ್ನು ಚೇಳು? ಅದರ ವಿಷ ಇರುವುದು ಹಿಂದೆ, ಬಾಲದಲ್ಲಿ. ಆದ್ದರಿಂದ ಹಿಂದಕ್ಕೇ ನೋಡುತ್ತಾ ನಿಂತುಬಿಡುವ ಮನಸ್ಸು ನಿರೀಕ್ಷೆಗೆ ಶತ್ರು ಎಂದು ಅವರು ಎಚ್ಚರಿಸಿದರು.

ಹಿಂದಿನದನ್ನು ನೆನೆಯುವುದು ಬೇರೆ, ಅಲ್ಲೇ ನಿಂತುಬಿಡುವುದು ಬೇರೆ. ಆ ತಾಯಿ ನೆನೆಯುವುದನ್ನು ಬಿಡಲಿಲ್ಲ, ನಿಂತಲ್ಲಿಂದ ಒಂದು ಹೆಜ್ಜೆ ಮುಂದಿಟ್ಟಳು. ಅವಳ ಅತ್ತೆಯನ್ನೂ ಮರೆಯಬೇಡಿ. ದುಃಖದಲ್ಲಿ ಇರುವವರಿಗೆ ಉಪದೇಶ ಕೊಡದೆ, ಪ್ರೀತಿಸಲು ಒಂದು ಚಿಕ್ಕ ಜೀವವನ್ನು ಕೊಟ್ಟ ಆ ಹಿರಿಯ ಜೀವದ ವಿವೇಕವನ್ನು ಯಾವ ಗುರುಮಠದಲ್ಲೂ ಕಲಿಸಲಾಗದು.

ಮೊದಲನೆಯದು ಯಾರಿಗೆ?

ಚೊಚ್ಚಲ ಮೊಟ್ಟೆ ಸಿಕ್ಕಿತು. ಇನ್ನು ಅದನ್ನು ಏನು ಮಾಡುವುದು? ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿದೆ. ಭೂಮಿಯ ಪ್ರಥಮ ಫಲವನ್ನು ಬುಟ್ಟಿಯಲ್ಲಿಟ್ಟು ದೇವರ ಸನ್ನಿಧಿಗೆ ತರಬೇಕು. ತಾವು ಒಂದು ಕಾಲದಲ್ಲಿ ಗುಲಾಮರಾಗಿದ್ದೆವು, ದೇವರು ಬಿಡಿಸಿ ತಂದರು ಎಂಬ ಕಥೆಯನ್ನು ಬಾಯಿಬಿಟ್ಟು ಹೇಳಬೇಕು. ಆಮೇಲೆ ಸಂತೋಷಪಡಬೇಕು. ಒಬ್ಬರೇ ಅಲ್ಲ, ಸ್ವಂತ ಜಮೀನಿಲ್ಲದ ಲೇವಿಯರೊಂದಿಗೆ, ನಡುವೆ ವಾಸಿಸುವ ಪರದೇಶಿಯೊಂದಿಗೆ. ನೋಡಿ, ಸಂತೋಷಪಡುವುದೂ ಒಂದು ಆಜ್ಞೆ! ಹಂಚಿಕೊಂಡಾಗ ಮಾತ್ರ ಆ ಆಜ್ಞೆ ಪೂರ್ತಿಯಾಗುತ್ತದೆ.

ನಮ್ಮ ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನದ ಹಬ್ಬದಲ್ಲಿ ಇದನ್ನೇ ಆಚರಿಸುತ್ತಾರೆ. ಹೊಸ ಭತ್ತದ ತೆನೆಗಳನ್ನು ದೇವಾಲಯದಲ್ಲಿ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಮನೆಯವರೆಲ್ಲ ಒಟ್ಟಾಗಿ ಕುಳಿತು ಆ ಹೊಸ ಅಕ್ಕಿಯ ಕಾಳುಗಳನ್ನು ಹಂಚಿಕೊಂಡು ಸೇವಿಸುತ್ತಾರೆ. ಕೆಲವು ಹಳ್ಳಿಗಳಲ್ಲಿ ಮೊದಲ ತೆಂಗಿನಕಾಯಿ, ಮೊದಲ ಬಾಳೆಗೊನೆ, ಮೊದಲ ಮೊಟ್ಟೆಗಳು ದೇವಾಲಯಕ್ಕೆ ಕಾಣಿಕೆಯಾಗಿ ಬರುತ್ತವೆ. ಪೂಜೆಯ ನಂತರ ಅವುಗಳ ಹರಾಜು ನಡೆಯುವಾಗ ಒಂದು ಪುಟ್ಟ ಮೊಟ್ಟೆ ಅದರ ಬೆಲೆಯ ಹತ್ತರಷ್ಟಕ್ಕೆ ಹೋಗುವುದುಂಟು!

ಮೊಟ್ಟೆಗೂ ನಮ್ಮ ಪಾಸ್ಕ ಹಬ್ಬಕ್ಕೂ ಹಳೆಯ ನಂಟು. ಮಧ್ಯಯುಗದಲ್ಲಿ ತಪಸ್ಸುಕಾಲದ ನಲವತ್ತು ದಿನ ಮಾಂಸದ ಜೊತೆ ಮೊಟ್ಟೆಯನ್ನೂ ತ್ಯಜಿಸಬೇಕಿತ್ತು. ಕೋಳಿಗಳಿಗೆ ತಪಸ್ಸುಕಾಲ ತಿಳಿಯದಲ್ಲ! ಅವು ಇಡುತ್ತಲೇ ಇದ್ದವು. ಪಾಸ್ಕ ಬಂದಾಗ ಮನೆಮನೆಯಲ್ಲೂ ಮೊಟ್ಟೆ ತುಂಬಿರುತ್ತಿತ್ತು. ಅವುಗಳನ್ನು ಯಾಜಕರಿಂದ ಆಶೀರ್ವಾದ ಮಾಡಿಸಿ, ಬಣ್ಣ ಬಳಿದು, ನೆರೆಹೊರೆಗೆ ಹಂಚುತ್ತಿದ್ದರು. ಮುಚ್ಚಿದ ಚಿಪ್ಪು ಸಮಾಧಿಯ ಗುರುತಾಯಿತು, ಅದನ್ನು ಒಡೆದು ಬರುವ ಜೀವ ಪುನರುತ್ಥಾನದ ಗುರುತಾಯಿತು.

ಈಗ ನಮ್ಮ ಮನೆಗಳಿಗೆ ಬರೋಣ. ನಮ್ಮ ಮನೆಯಲ್ಲಿ ಮೊದಲ ಮೊಟ್ಟೆ ಯಾರ ತಟ್ಟೆಗೆ ಹೋಗುತ್ತದೆ? ದುಡಿದು ಬರುವ ಗಂಡಸಿಗೆ, ಅಥವಾ ಗಂಡುಮಗನಿಗೆ. ಕೋಳಿ ಸಾಕಿದ ಹೆಂಗಸಿನ ಪಾಲಿಗೆ, ನುಚ್ಚು ಹಾಕಿದ ಹೆಣ್ಣುಮಗಳ ಪಾಲಿಗೆ ಬಾಣಲೆಯ ತಳದ ಚೂರು. ಹಳ್ಳಿಯ ಎಷ್ಟೋ ಮನೆಗಳಲ್ಲಿ ಮೊಟ್ಟೆ ಮಾರಿದ ಕಾಸೊಂದೇ ಹೆಣ್ಣಿನ ಸ್ವಂತ ಹಣ. ಸೆರಗಿನ ತುದಿಯ ಆ ಗಂಟಿನಿಂದಲೇ ಮಗುವಿನ ನೋಟುಬುಕ್ಕು, ತವರಿಗೆ ಹೋಗುವ ಬಸ್ಸಿನ ಚಾರ್ಜು, ಸಂತ ಅಂತೋಣಿಯವರ ಮುಂದಿನ ಮೇಣದ ಬತ್ತಿ. ಆ ಗಂಟನ್ನು ಬಿಚ್ಚಿಸಿ ಕುಡಿಯಲು ಹೋಗುವ ಗಂಡಸು, ಕೋಳಿಗೂಡಿಗೆ ನುಗ್ಗುವ ಕಾಡುಬೆಕ್ಕಿಗಿಂತ ಹೇಗೆ ಮೇಲು? ಮಕ್ಕಳ ಅಪೌಷ್ಟಿಕತೆಯನ್ನು ನೀಗಿಸಲೆಂದು ನಮ್ಮ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮೊಟ್ಟೆ ಕೊಡುವ ಯೋಜನೆಯನ್ನು 2024ರಲ್ಲಿ ವಾರಕ್ಕೆ 6 ದಿನಗಳಿಗೆ ವಿಸ್ತರಿಸಲಾಯಿತು. ಶಾಲೆಯಲ್ಲಿ ಹುಡುಗ-ಹುಡುಗಿ ಎಂಬ ಭೇದವಿಲ್ಲದೆ ಹಂಚುವ ಮೊಟ್ಟೆಯನ್ನು ಮನೆಯಲ್ಲಿ ನಾವು ಭೇದ ಮಾಡಿ ಹಂಚಬಹುದೇ?

ಹಾಗಾದರೆ ಈ ವಾರದಿಂದ ನಮ್ಮ ಮನೆಗಳಲ್ಲಿ ಹೀಗೆ ಮಾಡೋಣ. ಮೊದಲನೆಯದಾಗಿ, ಮನೆಗೆ ಯಾವುದೇ ಪ್ರಥಮ ಫಲ ಬರಲಿ, ಅದು ಮೊಟ್ಟೆಯಿರಲಿ, ಗಿಡದ ಮೊದಲ ಬದನೆಕಾಯಿಯಿರಲಿ, ಮಗಳ ಮೊದಲ ಸಂಬಳವಿರಲಿ, ಮೊದಲು ಅದನ್ನು ಪ್ರಾರ್ಥನೆಯ ಮೂಲೆಯಲ್ಲಿಟ್ಟು ಎಲ್ಲರೂ ಕೂಡಿ ದೇವರಿಗೆ ಧನ್ಯವಾದ ಹೇಳೋಣ. ಎರಡನೆಯದಾಗಿ, ಅದರಲ್ಲಿ ಒಂದು ಪಾಲನ್ನು ಕೇಳಲು ಬಾರದವರಿಗೆ ಮುಟ್ಟಿಸೋಣ: ಪಕ್ಕದ ಮನೆಯ ಒಂಟಿ ಮುದುಕಿ, ಬಾಣಂತಿ, ಕಾಯಿಲೆಯ ಮಗು. ಮೂರನೆಯದಾಗಿ, ಗೂಡಿನಲ್ಲಿ ಒಂದು ಮೊಟ್ಟೆ ಬಿಟ್ಟೇ ಉಳಿದವನ್ನು ತೆಗೆಯಬೇಕು ಎಂಬ ಹಿರಿಯರ ಪಾಠವನ್ನು ನೆನಪಿಡೋಣ. ಒಂದು ಉಳಿದಿದ್ದರೆ ಕೋಳಿ ಅದೇ ಗೂಡಿಗೆ ಮರಳಿ ಬರುತ್ತದೆ. ಪೂರ್ತಿ ಬಾಚಿದರೆ ಬೇರೆ ಜಾಗ ಹುಡುಕುತ್ತದೆ. ಮನುಷ್ಯರೂ ಹಾಗೆಯೇ. ಹೆಂಡತಿಯಿಂದ, ಗಂಡನಿಂದ, ವಯಸ್ಸಾದ ತಾಯಿತಂದೆಯರಿಂದ ಎಲ್ಲವನ್ನೂ ಬಾಚಿಕೊಳ್ಳಬೇಡಿ.

ಕೊನೆಯದಾಗಿ ಒಂದು ಮಾತು. ಚೊಚ್ಚಲ ಮೊಟ್ಟೆಯ ತೂಕ ಮೂವತ್ತೋ ನಲವತ್ತೋ ಗ್ರಾಂ. ಮನೆಮಂದಿಯ ಹೊಟ್ಟೆ ಅದರಿಂದ ತುಂಬುವುದಿಲ್ಲ. ಆದರೂ ಅದು ಸಂತೋಷ ತರುವುದು ಏಕೆಂದರೆ, ಅದರ ಹಿಂದೆ ಇನ್ನೂ ಬರಲಿದೆ ಎಂದು ಅದು ಸಾರುತ್ತದೆ. ಈ ಕೋಳಿ ಇಡುವ ಕೋಳಿ ಎಂದು ಅದು ಮನೆಗೆ ತಿಳಿಸುತ್ತದೆ. ಸಂತ ಪೌಲನು ಪುನರುತ್ಥಾನ ಹೊಂದಿದ ಕ್ರಿಸ್ತರನ್ನು ಸತ್ತವರಲ್ಲಿ ಪ್ರಥಮ ಫಲವೆಂದು ಕರೆದದ್ದು ಇದೇ ಅರ್ಥದಲ್ಲಿ (1 ಕೊರಿಂಥ 15: 20). ಪಾಸ್ಕದ ಬೆಳಿಗ್ಗೆ ತೆರೆದದ್ದು ಒಂದೇ ಸಮಾಧಿ. ಆದರೆ ಆ ಒಂದು ಮೊದಲನೆಯದು! ಅದರ ಹಿಂದೆ ನಾವಿದ್ದೇವೆ, ನಮ್ಮನ್ನು ಅಗಲಿದವರಿದ್ದಾರೆ, ಹೆಸರಿಡುವ ಮುಂಚೆಯೇ ಹೋದ ಆ ಮಗುವಿಗೂ ಆ ದಯಾಮಯ ತಂದೆಯ ರೆಕ್ಕೆಯಡಿ ಜಾಗವಿದೆ ಎಂಬ ನಿರೀಕ್ಷೆಯಿದೆ. ಕತ್ತಲೆಯಲ್ಲಿ, ನಮ್ಮ ಕಣ್ಣಿಗೆ ಕಾಣದ ಹಾಗೆ, ದೇವರು ಕೆಲಸ ಮಾಡುತ್ತಲೇ ಇದ್ದಾರೆ.

ಪ್ರಾರ್ಥಿಸೋಣ: ಸ್ವರ್ಗೀಯ ತಂದೆಯೇ, ಚಿಕ್ಕದನ್ನು ಕಂಡು ಬೆರಗಾಗುವ ಕಣ್ಣನ್ನು, ಬಂದದ್ದನ್ನು ಸ್ವೀಕರಿಸುವ ಕೈಯನ್ನು, ಸಿಕ್ಕದ್ದನ್ನು ಹಂಚುವ ಮನಸ್ಸನ್ನು ನಮಗೆ ಕೊಡಿರಿ. ಬರಿದಾದ ಗೂಡಿನ ಮುಂದೆ ನಿಂತಿರುವ ನಮ್ಮ ಸಹೋದರ ಸಹೋದರಿಯರ ಕೈಯನ್ನು ನೀವೇ ಹಿಡಿಯಿರಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡಿಕೊಳ್ಳುತ್ತೇವೆ. ಆಮೆನ್.